ಬೈಯದೆ ಇಳಿಸಿದ ವಿಮಾನ

ನನ್ನ ಅಪ್ಪ ಬೈಯುವುದರಲ್ಲಿ ಎತ್ತಿದ ಕೈ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವರ ಮನೆ ನಮ್ಮದು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಕೆಲಸಕ್ಕೆ ಇಂಗ್ಲಿಷ್. ಅಪ್ಪ ಬೈಯುವಾಗ ಮೂರೂ ಒಟ್ಟಿಗೇ ಬರುತ್ತಿದ್ದವು. ಅವರು ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಇಬ್ಬರು ಕೂರುವ ಚಿಕ್ಕ ವಿಮಾನದಲ್ಲಿ ಎಡಗಡೆ ಕಲಿಯುವವನು, ಬಲಗಡೆ ಅಪ್ಪ. ಇಬ್ಬರ ಮುಂದೆಯೂ ಹಿಡಿ ಇರುತ್ತದೆ, ಇಬ್ಬರ ಕಾಲ ಕೆಳಗೂ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಪೆಡಲು ಇರುತ್ತದೆ. ಒಬ್ಬರು ಒತ್ತಿದರೆ ಇನ್ನೊಬ್ಬರದೂ ಒತ್ತಿಕೊಳ್ಳುತ್ತದೆ. ಇಳಿಯುವಾಗ ಹುಡುಗನ ಕಾಲು ಸ್ವಲ್ಪ ಸಡಿಲವಾದರೂ ಸಾಕು, ಅಪ್ಪ ಅವನ ಮೊಣಕಾಲಿಗೆ ಮರದ ಸ್ಕೇಲಿನಿಂದ ಒಂದು ಬಿಟ್ಟು, "ಕಾಲೆಲ್ಲೋ, ಮನೇಲಿ ಬಿಟ್ಟು ಬಂದ್ಯೇನೋ ಮಡಯಾ" ಎನ್ನುತ್ತಿದ್ದರಂತೆ. ಆ ಹುಡುಗರು ಈಗ ದೊಡ್ಡ ವಿಮಾನಗಳ ಕ್ಯಾಪ್ಟನ್‌ಗಳು. ಮದುವೆಮನೆಗಳಲ್ಲಿ ಸಿಕ್ಕಾಗ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಅಪ್ಪನಿಗೆ ಒಂದೇ ಒಂದು ಹೆಮ್ಮೆ ಇತ್ತು. ಅವರು ಪಕ್ಕದಲ್ಲಿ ಕೂತಿದ್ದಾಗ ಯಾವ ಶಿಷ್ಯನೂ ವಿಮಾನಕ್ಕೆ ಒಂದು ಗೀರು ಬೀಳಿಸಿರಲಿಲ್ಲ. ಆಸ್ತಿ ಮಾಡಲಿಲ್ಲ, ಗಂಡು ಮಗನಿಲ್ಲ, ಅಮ್ಮ ಬೇಗ ಹೋದಳು. ಇದೆಲ್ಲದರ ಮೇಲೆ ಅವರು ಹೊದ್ದುಕೊಂಡಿದ್ದುದು ಆ ಒಂದು ಹೆಸರನ್ನೇ. ನಿವೃತ್ತರಾದ ಮೇಲೂ ಯಾರಾದರೂ ಪರಿಚಯ ಕೇಳಿದರೆ ತಮ್ಮ ಹೆಸರಿಗಿಂತ ಮೊದಲು ಅದನ್ನು ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಬೇಜಾರಾಗಿ, "ಅಪ್ಪಾ, ಬಸ್ ಕಂಡಕ್ಟರ್‌ಗೆ ಅದೆಲ್ಲ ಯಾಕೆ" ಎಂದು ಗದರಿಸಿದ್ದೂ ಉಂಟು. ನನ್ನ ನಾಲಿಗೆಯೂ ಅವರದೇ.

ಇಂಥ ಮನುಷ್ಯ ಜಗತ್ತಿನಲ್ಲಿ ಒಬ್ಬರನ್ನು ಮಾತ್ರ ಬೈಯುತ್ತಿರಲಿಲ್ಲ. ಅವರು ನನ್ನ ಗಂಡ.

ನನ್ನ ಗಂಡ ಹಾಸನದ ಕಡೆಯವರು. ಮಣಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿ ಚೆನ್ನೈಗೆ ಬಂದವರು, ನನ್ನನ್ನು ಮದುವೆಯಾಗಿ ಇಲ್ಲೇ ಉಳಿದರು. ಅಳಿಯ ಮನೆಗೆ ಬಂದರೆ ಅಪ್ಪ ಎದ್ದು ನಿಲ್ಲುತ್ತಿದ್ದರು. ಮೊದಲ ಕಾಫಿ ಅಳಿಯನಿಗೆ, ಫ್ಯಾನಿನ ಕೆಳಗಿನ ಕುರ್ಚಿ ಅಳಿಯನಿಗೆ, ಪಾಯಸದಲ್ಲಿನ ಗೋಡಂಬಿ ಅಳಿಯನ ಲೋಟಕ್ಕೆ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಈ ಉಪಚಾರ ಕಡಿಮೆಯಾಗಲಿಲ್ಲ. ಕನ್ಯಾದಾನ ಮಾಡುವಾಗ ಕಾಲು ತೊಳೆದಿದ್ದೇನೆ, ಆ ಕಾಲಿಗೆ ಏಟು ಹಾಕುವುದು ಹೇಗೆ ಎಂಬುದು ಅವರ ವಾದ. ನನ್ನ ಗಂಡನೂ ಅಷ್ಟೇ. ಮಾವನ ಎದುರು ಕಾಲ ಮೇಲೆ ಕಾಲು ಹಾಕಿ ಕೂತವರಲ್ಲ, ಮಾವ ಹೇಳಿದ್ದಕ್ಕೆ ಇಲ್ಲ ಎಂದವರಲ್ಲ. ಇಬ್ಬರೂ ಒಬ್ಬರನ್ನೊಬ್ಬರು ದೇವರ ಪಟದ ಹಾಗೆ ದೂರದಿಂದ ನೋಡಿಕೊಂಡು ಇಪ್ಪತ್ತು ವರ್ಷ ಕಳೆದರು. ನನಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು. ಗೆಳತಿಯರ ಮನೆಗಳಲ್ಲಿ ಮಾವ ಅಳಿಯ ಹಾವು ಮುಂಗುಸಿ ಆಗಿದ್ದುದನ್ನು ನೋಡಿದ್ದೆ.

ಅಪ್ಪನಿಗೆ ಸ್ವಂತ ಕೈಯಿಂದ ಒಂದು ವಿಮಾನ ಕಟ್ಟಬೇಕೆಂಬ ಹುಚ್ಚು ಹಿಡಿದದ್ದು ನಿವೃತ್ತಿಯ ನಂತರ. ಭಾಗಗಳ ಪೆಟ್ಟಿಗೆಗಳು ಹೊರದೇಶದಿಂದ ಬಂದವು. ಪಲ್ಲಾವರಂನಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದರು. ತಲೆಯ ಮೇಲೆ ದೊಡ್ಡ ವಿಮಾನಗಳು ಇಳಿಯುತ್ತಿರುವಾಗ ಕೆಳಗೆ ಮಾವ ಅಳಿಯ ಭಾನುವಾರ ಭಾನುವಾರ ಮರದ ಪಟ್ಟಿಗಳಿಗೆ ಅಂಟು ಹಚ್ಚಿ ರೆಕ್ಕೆ ಕಟ್ಟಿದರು. ಅಂಟು ಒಣಗುವವರೆಗೆ ಅದುಮಿ ಹಿಡಿಯುವ ಹಳೆಯ ಕ್ಲಾಂಪುಗಳನ್ನು ಅಲ್ಲಿಯ ಸಂತೆಯಲ್ಲೇ ಆರಿಸಿ ತಂದರು, ಬೋಲ್ಟುಗಳಿಗೆ ಗಿಂಡಿಯ ಅಂಗಡಿಗಳಲ್ಲಿ ಅಲೆದರು. ನಾನು ಬುತ್ತಿ ಒಯ್ಯುತ್ತಿದ್ದೆ. ಶೆಡ್ಡಿನೊಳಗೆ ಒಲೆಯಲ್ಲಿ ಕೂತಷ್ಟು ಸೆಕೆ.

ಅಲ್ಲಿ ಒಂದು ವಿಷಯ ನಾನು ಕಂಡೆ. ನನ್ನ ಗಂಡ ಒಂದು ಭಾನುವಾರ ರೆಕ್ಕೆಯೊಳಗಿನ ಪಟ್ಟಿಯೊಂದನ್ನು ಹಿಂದುಮುಂದಾಗಿ ಅಂಟಿಸಿದರು. ಅಪ್ಪ ನೋಡಿದರು. ನೋಡಿದ್ದು ನನಗೂ ಕಾಣಿಸಿತು. ಬಾಯಿ ತೆರೆದರು, ಮುಚ್ಚಿದರು. "ಬೇಷಾಯ್ತು ಅಳಿಯಂದ್ರೇ, ಇವತ್ತಿಗೆ ಪೋದುಂ, ಮನೆಗೆ ಹೋಗೋಣ" ಎಂದರು. ಮರುದಿನ ಒಬ್ಬರೇ ಬಸ್ಸು ಹತ್ತಿ ಹೋಗಿ, ಆ ಪಟ್ಟಿಯನ್ನು ಕಿತ್ತು, ಹೊಸದನ್ನು ಕೂರಿಸಿ ಬಂದರು. ನನ್ನ ಗಂಡನಿಗೆ ಕೊನೆಯವರೆಗೂ ಅದು ತಿಳಿಯಲಿಲ್ಲ. ಹೀಗೆ ಎಷ್ಟು ಸೋಮವಾರಗಳಲ್ಲಿ ಅಪ್ಪ ಒಬ್ಬರೇ ಶೆಡ್ಡಿಗೆ ಹೋದರೋ ಲೆಕ್ಕವಿಲ್ಲ. "ಹೇಳಿದ್ರೆ ಕಲ್ತುಕೋತಾರಲ್ಲಪ್ಪ" ಎಂದು ನಾನು ಹೇಳಿದ್ದಕ್ಕೆ, "ಮಗಳ ಗಂಡನಿಗೆ ತಪ್ಪು ತೋರಿಸೋದಾ ನಾನು? ನೀನು ಸುಮ್ನಿರಮ್ಮ" ಎಂದುಬಿಟ್ಟರು.

ವಿಮಾನ ಕಟ್ಟುತ್ತ ಕಟ್ಟುತ್ತ ನನ್ನ ಗಂಡನಿಗೂ ಹಾರುವ ಆಸೆ ಹತ್ತಿತು. ಮನೆಯಲ್ಲೇ ಅಂಥ ಮೇಷ್ಟ್ರಿದ್ದರೂ ಅಪ್ಪ ಕಲಿಸಲು ಒಪ್ಪಲಿಲ್ಲ. "ಬೈಯದೆ ಕಲಿಸೋಕೆ ನಂಗೆ ತೆರಿಯಾದು, ಅಳಿಯಂದ್ರನ್ನ ಬೈಯೋಕೆ ಬಾಯಿ ಬರಲ್ಲ" ಎಂದರು. ಗೊತ್ತಿಲ್ಲ ಎನ್ನುವಲ್ಲೆಲ್ಲ ಅವರ ಬಾಯಿಗೆ ತಮಿಳೇ ಬರುತ್ತಿತ್ತು. ನನ್ನ ಗಂಡ ರಜೆ ಹಾಕಿ ಬೇರೆ ಊರಿನ ಶಾಲೆಯೊಂದರಲ್ಲಿ ಕಲಿತು ಲೈಸೆನ್ಸ್ ತಂದರು. ಅಲ್ಲಿಯ ವಿಮಾನಗಳಿಗೆ ಮೂಗಿನ ಕೆಳಗೆ ಒಂದು ಚಕ್ರ, ಹಿಂದೆ ಎರಡು. ಅಪ್ಪ ಕಟ್ಟಿದ್ದು ಹಳೆಯ ರೀತಿಯದು. ಮುಂದೆ ಎರಡು ಚಕ್ರ, ಬಾಲದ ಕೆಳಗೆ ಚಿಕ್ಕದೊಂದು. ಮಕ್ಕಳ ಮೂರು ಗಾಲಿಯ ಸೈಕಲ್ಲನ್ನು ಹಿಮ್ಮುಖವಾಗಿ ಜೋರಾಗಿ ತಳ್ಳಿ ಬಿಟ್ಟರೆ ಅದು ತಾನೇ ತಿರುಗಿಕೊಳ್ಳುತ್ತದೆ. ಅಂಥ ವಿಮಾನದ ಸ್ವಭಾವವೂ ಅದೇ. ಆಕಾಶದಲ್ಲಿ ಅದು ಸಾಧು. ನೆಲಕ್ಕೆ ಇಳಿದ ಮೇಲೆ, ಪೂರ್ತಿ ನಿಲ್ಲುವವರೆಗೆ ಎರಡೂ ಕಾಲು ಪೆಡಲಿನ ಮೇಲೆ ಆಡುತ್ತಲೇ ಇರಬೇಕು. ಇಳಿದಾಯಿತು ಎಂದು ಒಂದು ಉಸಿರು ಬಿಟ್ಟರೆ ಬಾಲ ಮುಂದೆ ಬಂದುಬಿಡುತ್ತದೆ. ಇದನ್ನು ಅಪ್ಪ ಅಳಿಯನಿಗೆ ಹೇಳಿರಲಿಲ್ಲವೆಂದಲ್ಲ. ಹೇಳಿದ್ದರು, ಉಪ್ಪಿನಕಾಯಿ ಬಡಿಸುವಷ್ಟು ಮೆಲ್ಲಗೆ.

ಕಟ್ಟಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ ಅನುಮತಿಗಾಗಿ ಅಲೆದ ಮೇಲೆ ವಿಮಾನ ನೆಲ ಬಿಟ್ಟಿತು. ನಗರದ ದಕ್ಷಿಣಕ್ಕೆ, ಉಪ್ಪಿನ ಗದ್ದೆಗಳ ಆಚೆ, ಶ್ರೀಮಂತರೊಬ್ಬರ ಜಮೀನಿನಲ್ಲಿ ಕಿರಿದಾದ ರನ್‌ವೇ ಇತ್ತು. ಮೊದಲ ಕೆಲವು ಸಲ ಅಪ್ಪ ಒಬ್ಬರೇ ಹಾರಿದರು. ಇಳಿದು ಬಂದಾಗ ಅವರ ಮುಖದಲ್ಲಿ ನಾನು ಅಮ್ಮ ಇದ್ದ ಕಾಲದ ಕಳೆ ಕಂಡೆ. ಆಮೇಲೆ ಅಳಿಯನನ್ನು ಕೂರಿಸಿಕೊಂಡರು. ಕೂರಿಸಿದ್ದು ಎಡಗಡೆಗೆ.

ಆ ದಿನ ಬೆಳಗಿನಿಂದ ಗಾಳಿ ಇರಲಿಲ್ಲ. ಚೆನ್ನೈಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು, ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಒಮ್ಮೆಲೇ ಒಳಗೆ ನುಗ್ಗುತ್ತದೆ. ಮನೆಯಲ್ಲಿ ಕೂತವರು ಅಬ್ಬ ಎಂದು ಕಿಟಕಿ ತೆರೆಯುತ್ತಾರೆ. ಅಪ್ಪ ಅದು ಬರುವುದರೊಳಗೆ ಕೆಲಸ ಮುಗಿಸುವವರು. ಬಿಸಿಲು ಏರುತ್ತಿದ್ದಂತೆ, "ಇನ್ನೊಂದ್ಸಲ ಇಳಿಸಿ ನೋಡ್ತೀನಿ ಮಾವ" ಎಂದರು ನನ್ನ ಗಂಡ. ಶಿಷ್ಯ ಹೀಗೆ ಕೇಳಿದ್ದರೆ ಅಪ್ಪ, ನಿಮ್ಮಪ್ಪನ ಮನೆ ಗಾಳೀನಾ ಎಂದು ಓಡಿಸುತ್ತಿದ್ದರು. ಅಳಿಯನಿಗೆ, "ಆಗಲಿ, ಅದಕ್ಕೇನಂತೆ" ಎಂದರು. ನಾನು ಬೇವಿನ ಮರದ ಕೆಳಗೆ ಮೊಸರನ್ನದ ಡಬ್ಬಿ ಇಟ್ಟುಕೊಂಡು ಕೂತಿದ್ದೆ.

ಅವರು ತಿರುಗಿ ಬರುವ ಹೊತ್ತಿಗೆ ಬೇವಿನ ಎಲೆಗಳು ಅಲ್ಲಾಡತೊಡಗಿದ್ದವು. ನನ್ನ ಸೆರಗು ಹಾರಿತು. ವಿಮಾನ ದಕ್ಷಿಣಕ್ಕೆ ಮುಖ ಮಾಡಿ ಇಳಿಯಿತು. ಸಮುದ್ರ ಅದರ ಎಡಕ್ಕೆ, ಗಾಳಿಯೂ ಆ ಕಡೆಯಿಂದಲೇ. ಚಕ್ರಗಳು ಎಷ್ಟು ಮೆತ್ತಗೆ ನೆಲ ಮುಟ್ಟಿದವು ಎಂದರೆ ನಾನು ಕೂತಲ್ಲೇ ಶಹಭಾಸ್ ಎಂದುಕೊಂಡು ಡಬ್ಬಿಯ ಮುಚ್ಚಳ ತೆಗೆದೆ. ತಲೆ ಎತ್ತಿದಾಗ ವಿಮಾನದ ಮೂಗು ಎಡಕ್ಕೆ ತಿರುಗುತ್ತಿತ್ತು. ನಿಧಾನವಾಗಿ, ಯಾರೋ ಹಗ್ಗ ಕಟ್ಟಿ ಎಳೆದಂತೆ. ಈಗ ಸರಿಮಾಡುತ್ತಾರೆ ಎಂದುಕೊಂಡೆ. ಪಕ್ಕದಲ್ಲಿ ಅಪ್ಪ ಇದ್ದಾರಲ್ಲ. ಯಾರೂ ಸರಿಮಾಡಲಿಲ್ಲ. ಬಾಲ ಸುತ್ತಿಕೊಂಡು ಮುಂದಕ್ಕೆ ಬಂತು, ಬಲಗಡೆಯ ರೆಕ್ಕೆ ನೆಲಕ್ಕೆ ಹೊಕ್ಕಿತು, ಬಲಗಡೆಯ ಚಕ್ರದ ಕಾಲು ಮುರಿಯಿತು. ಎಲ್ಲವೂ ಅಡ್ಡಡ್ಡ ಜಾರಿ, ಪಕ್ಕದ ಚರಂಡಿಗೆ ಬಡಿದು, ಬಲಮಗ್ಗುಲಾಗಿ ಮಗುಚಿತು. ಬೆಂಕಿ ಬೀಳಲಿಲ್ಲ. ಅದೊಂದು ಕೃಪೆ ಎಂದು ಎಲ್ಲರೂ ಹೇಳಿದರು. ನನಗೆ ಯಾವ ಕೃಪೆಯೂ ಕಾಣಲಿಲ್ಲ.

ನನ್ನ ಗಂಡನಿಗೆ ಭುಜದ ಮೂಳೆ ಮುರಿದಿತ್ತು. ಅಪ್ಪನ ಪಕ್ಕೆಲುಬುಗಳು ಒಳಗೆ ಚುಚ್ಚಿಕೊಂಡಿದ್ದವು. ನಗರದ ಆಸ್ಪತ್ರೆಗೆ ಸೇರಿಸುವವರೆಗೂ ಅಪ್ಪನಿಗೆ ಎಚ್ಚರವಿತ್ತು. ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು ಅವರು ಕೇಳಿದ್ದು ಒಂದೇ ಮಾತು. "ಅಳಿಯಂದ್ರಿಗೆ ಏನೂ ಆಗಲಿಲ್ವಲ್ಲ?"

ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಗಂಡ ಕೈಯನ್ನು ಜೋಳಿಗೆಯಲ್ಲಿ ತೂಗಿಹಾಕಿಕೊಂಡು ಕೂತಿದ್ದರು. ಕೇಳದೆಯೇ ಹೇಳಿದರು. "ಇಳೀತು ಅಂತ ಸಮಾಧಾನ ಆಯ್ತು. ಅಷ್ಟರಲ್ಲಿ ಮಾವ, ಅಳಿಯಂದ್ರೇ ಕೊಂಚ ಬಲಗಾಲು ಅಂದ್ರು. ಅದೇ ಹೊತ್ತಿಗೆ ನನ್ ಕಾಲ್ ಕೆಳಗೆ ಪೆಡಲು ಅಲ್ಲಾಡ್ತು. ಮಾವನೇ ಹಿಡ್ಕೊಂಡ್ರು ಅಂದ್ಕೊಂಡೆ. ಅವರು ಹಿಡ್ಕೊಂಡ ಮೇಲೆ ನಾನು ಅಡ್ಡ ಬರಬಾರದಲ್ವಾ, ಕಾಲು ತೆಗೆದ್ಬಿಟ್ಟೆ."

ಸಂಜೆ ಅಪ್ಪನ ಹಾಸಿಗೆಯ ಪಕ್ಕ ಕೂತಾಗ ಅವರೂ ಹೇಳಿದರು. ಒಂದೊಂದು ಮಾತಿಗೂ ಉಸಿರು ಸೇರಿಸಿಕೊಳ್ಳಬೇಕಿತ್ತು. "ನನ್ ಕಾಲು ಪೆಡಲ್ ಹತ್ರಾನೇ ಇತ್ತು. ಒತ್ತಿದ್ರೆ ಅವರ ಕಾಲನ್ನ ತಳ್ಳಿದ ಹಾಗಾಗುತ್ತೆ. ಬಾಯಲ್ಲಿ ಹೇಳಿದೆ. ಒತ್ತುತ್ತಾರೆ ಅಂತ ಕಾದೆ."

ಪೆಡಲನ್ನು ಅಲ್ಲಾಡಿಸಿದ್ದು ಅಪ್ಪನಲ್ಲ. ಪೆಡಲಿಗೆ ತಂತಿಯಿಂದ ಜೋಡಿಸಿದ್ದ ಬಾಲದ ಚಕ್ರ ತಿರುಗುವಾಗ ಅದನ್ನು ಎಳೆದಿತ್ತು. ಅಂದರೆ ಆ ಕೆಲವು ಕ್ಷಣ ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಒಬ್ಬರು ಅಳಿಯನಿಗೆ ಮರ್ಯಾದೆ ಕೊಟ್ಟರು, ಇನ್ನೊಬ್ಬರು ಮಾವನಿಗೆ ಕೊಟ್ಟರು. ಎರಡೂ ಮಾತನ್ನು ಕೇಳಿದವಳು ನಾನೊಬ್ಬಳೇ. ನನಗೆ ಬಂದದ್ದು ದುಃಖವಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು. ಆ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಒಬ್ಬರಿಗೆ ಆಮ್ಲಜನಕದ ಮುಖವಾಡವಿತ್ತು, ಇನ್ನೊಬ್ಬರ ಭುಜ ಮುರಿದಿತ್ತು.

ಮೂರು ನಾಲ್ಕು ದಿನಗಳಾದ ಮೇಲೆ ತನಿಖೆಯ ಅಧಿಕಾರಿ ಬಂದರು, ಒಳ್ಳೆಯ ಮನುಷ್ಯ. ಡಾಕ್ಟರ್ ಒಪ್ಪಿಗೆ ಕೇಳಿಕೊಂಡು, ಕುರ್ಚಿ ಎಳೆದು ಕೂತು, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು, ನೆಲ ಮುಟ್ಟಿದಾಗ ನಿಯಂತ್ರಣ ಯಾರ ಬಳಿ ಇತ್ತು ಎಂದು. ನನ್ನ ಗಂಡ ಮಂಚದ ಕಾಲ ಬಳಿ ನಿಂತಿದ್ದರು. ಅಪ್ಪ ಮುಖವಾಡ ಸರಿಸಿ, "ನನ್ನ ಬಳಿ. ಇಳಿಸಿದ್ದು ನಾನು, ತಪ್ಪಿದ್ದೂ ನಾನು" ಎಂದರು. ಅಧಿಕಾರಿ ಇನ್ನೊಮ್ಮೆ ಕೇಳಿದರು. ಅಪ್ಪ ಅದನ್ನೇ ಹೇಳಿದರು. ಅಧಿಕಾರಿ ನನ್ನ ಗಂಡನ ಕಡೆ ನೋಡಿದರು. ನನ್ನ ಗಂಡ ತಲೆ ತಗ್ಗಿಸಿ, ಅಲ್ಲಾಡಿಸಿದರು. ಹೌದೆಂದೋ ಇಲ್ಲವೆಂದೋ ಹೇಳಲಾಗದ ರೀತಿ. ಅಧಿಕಾರಿಗೆ ಅದು ಹೌದು ಎಂದೇ ಕಂಡಿತು.

ಅವರು ಹೋದ ಮೇಲೆ ನಾನು ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಸಾಯುತ್ತಿರುವ ಮನುಷ್ಯನನ್ನು ಹಾಗೆ ಕೇಳಬಾರದಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜೀವಮಾನವೆಲ್ಲ ಕಾಪಾಡಿದ ಹೆಸರನ್ನು ಒಂದು ಉಸಿರಿನಲ್ಲಿ ಕೈಚೆಲ್ಲಿದ್ದರು. ನಾಳೆ ಅವರ ಶಿಷ್ಯರು ಒಬ್ಬೊಬ್ಬರಾಗಿ ಅದನ್ನು ಕೇಳುತ್ತಾರೆ. "ಯಾಕಪ್ಪ ಸುಳ್ಳು ಹೇಳಿದ್ರಿ" ಎಂದೆ. ಅವರು, "ನಿನ್ ಗಂಡನ ಮೇಲೆ ನಾನು ದೂರು ಹೇಳೋದಾ? ಆಮೇಲೆ ನೀನು ಅವರ ಮುಖ ಹೇಗೆ ನೋಡ್ತೀಯ?" ಎಂದರು. ಅವರು ಆ ವಾರ ದಾಟಲಿಲ್ಲ.

ಗಂಡನನ್ನು ಕೇಳಿದೆ, ನೀವು ಯಾಕೆ ಬಾಯಿ ಬಿಡಲಿಲ್ಲ ಎಂದು. "ಮಾವ ಹಾಗಂದ್ಮೇಲೆ, ಅವರ ಎದುರಿಗೇ ಅವರು ಸುಳ್ಳು ಹೇಳ್ತಿದಾರೆ ಅಂತ ನಾನು ಹೇಗೆ ಅನ್ನಲಿ" ಎಂದರು. ಆ ಉತ್ತರದಲ್ಲಿ ಹೆದರಿಕೆ ಎಷ್ಟು, ಮರ್ಯಾದೆ ಎಷ್ಟು ಎಂದು ನಾನು ಇವತ್ತಿಗೂ ಬೇರೆ ಮಾಡಲಾರೆ. ಅವರಿಗೂ ಆಗಲಿಕ್ಕಿಲ್ಲ.

ದೊಡ್ಡಪ್ಪನ ಮಗ ಬಂದು ಕರ್ಮಾಂತರಗಳನ್ನು ಮಾಡಿದ. ವೈಕುಂಠ ಸಮಾರಾಧನೆಗೆ ಅಪ್ಪನ ಶಿಷ್ಯರು ಬಹಳ ಮಂದಿ ಬಂದರು. ನರೆತ ತಲೆಯ, ಇಸ್ತ್ರಿ ಮಾಡಿದ ಅಂಗಿಗಳ ಕ್ಯಾಪ್ಟನ್‌ಗಳು ಬಾಳೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಲಾಗದೆ ಒದ್ದಾಡುತ್ತಿದ್ದರು. ತೊವ್ವೆ ಬಡಿಸುತ್ತ ಹೋಗುವಾಗ ಅವರ ಮಾತುಗಳು ನನ್ನ ಕಿವಿಗೆ ಬಿದ್ದವು. ವಯಸ್ಸಾಗಿತ್ತು ಪಾಪ. ಕೈ ನಿಲ್ಲುತ್ತಿರಲಿಲ್ಲವೇನೋ. ಆ ವಯಸ್ಸಿನಲ್ಲಿ ಬಾಲದ ಚಕ್ರದ ವಿಮಾನ ಯಾಕೆ ಬೇಕಿತ್ತು. ಒಬ್ಬರು, ಅಪ್ಪನ ಅಚ್ಚುಮೆಚ್ಚಿನ ಶಿಷ್ಯ, "ಪಾವಂ, ನಮ್ಮ ಕಾಲಿಗೆ ಹೊಡೆದವರ ಕಾಲೇ ಕೊನೆಗೆ ಕೈಕೊಡ್ತು" ಎಂದು ತಮಿಳಿನಲ್ಲಿ ಹೇಳಿದರು. ಬೇಸರದಿಂದಲೇ ಹೇಳಿದ್ದು.

ನನ್ನ ಗಂಡ ಒಂದೇ ಕೈಯಲ್ಲಿ ನೀರು ಬಡಿಸುತ್ತಿದ್ದವರು ಚೊಂಬನ್ನು ಕೆಳಗಿಟ್ಟರು. ಸಾಲಿನ ನಡುವೆ ನಿಂತು, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು. ಮಾವ ಇಳಿಸಲಿಲ್ಲ. ಇಳಿಸಿದ್ದು ನಾನು. ಕಾಲು ತೆಗೆದದ್ದು ನಾನು. ಅವರು ನನ್ನನ್ನು ಉಳಿಸಲು ಹಾಗೆ ಹೇಳಿದರು. ನನ್ನ ಗಂಡ ಪೂರ್ತಿ ಹೇಳಿದರು. ಒಂದು ಮಾತನ್ನೂ ನುಂಗಲಿಲ್ಲ.

ಆಮೇಲೆ ಆ ಅಚ್ಚುಮೆಚ್ಚಿನ ಶಿಷ್ಯ ಎಂಜಲು ಕೈಯನ್ನು ಎಲೆಯ ಮೇಲೆ ಹಿಡಿದು, ಎಡಗೈಯಿಂದ ನನ್ನ ಗಂಡನ ಮೊಣಕಾಲನ್ನು ಮುಟ್ಟಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇಂಥ ಮಾಪ್ಪಿಳ್ಳೆ, ಇಂಥ ಅಳಿಯ ಯಾರಿಗೆ ಸಿಗ್ತಾನೆ" ಎಂದರು. ಪಕ್ಕದವರು ಹೌದು ಹೌದು ಎಂದರು. ಮಾವನ ಹೆಸರು ಉಳಿಸಲು ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾನೆ, ಎಂಥ ಮರ್ಯಾದಸ್ಥ ಎಂದು ಒಬ್ಬರು ಇನ್ನೊಬ್ಬರಿಗೆ ವಿವರಿಸಿದರು. ನನ್ನ ಗಂಡ, "ಇಲ್ಲ, ನಿಜ, ನಿಜವಾಗಿ" ಎನ್ನುತ್ತಿದ್ದರು. ಎಷ್ಟು ಸಲ ಹೇಳಿದರೂ ಅವರ ಮರ್ಯಾದೆಯೇ ಹೆಚ್ಚುತ್ತ ಹೋಯಿತು. "ಅವರು ಹೇಳೋದು ನಿಜ" ಎಂದು ನಾನೂ ಹೇಳಿದೆ. ಗಂಡನಿಗೆ ತಕ್ಕ ಹೆಂಡತಿ ಎಂಬಂತೆ ನನ್ನನ್ನು ನೋಡಿದರು. ಆಮೇಲೆ ಯಾರೋ ಸಾರು ಕೇಳಿದರು.

ಎಲೆ ಎತ್ತಿ, ನೆಲ ಒರೆಸಿ, ಎಲ್ಲರೂ ಹೋದ ಮೇಲೆ ಹಿಂದಿನ ವರಾಂಡದಲ್ಲಿ ನನ್ನ ಗಂಡ ಗೋಡೆಗೆ ಒರಗಿ ಕೂತಿದ್ದರು. ಮಧ್ಯಾಹ್ನದ ಬಿಸಿಲು ಅವರ ಪಾದಗಳ ಮೇಲೆ ಬಿದ್ದಿತ್ತು, ಒಳಗೆ ಎಳೆದುಕೊಳ್ಳುವ ಮನಸ್ಸೂ ಅವರಿಗೆ ಇದ್ದಂತಿರಲಿಲ್ಲ. ನಾನು ಬಂದದ್ದು ನೋಡಿ, "ಯಾರೂ ಒಂದು ಮಾತು ಅನ್ಲಿಲ್ಲ ಕಣೇ ನಂಗೆ" ಎಂದರು. ಆಮೇಲೆ, "ನೀನಾದ್ರೂ ಬೈಯೇ. ಬಾಯಿಗೆ ಬಂದ ಹಾಗೆ ಬೈದ್ಬಿಡು" ಎಂದರು.

ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಆಟೋದವರನ್ನು, ನೀರಿನ ಕ್ಯಾನ್ ತರುವವರನ್ನು, ಸೊಸೈಟಿಯ ಸೆಕ್ರೆಟರಿಯನ್ನು ದಿನಾ ಬೈಯುವವಳು ನಾನು. ಅಪ್ಪನ ಮಾತುಗಳೆಲ್ಲ ನಾಲಿಗೆಯ ತುದಿಗೇ ಬಂದವು. ಬೈದರೆ ಅವರು ಅಳುತ್ತಾರೆ, ಅತ್ತು ಹಗುರಾಗುತ್ತಾರೆ, ನಾಳೆಯಿಂದ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಹಗುರಾಗಲಿ ಎಂದು ನನಗೆ ಅನ್ನಿಸಲಿಲ್ಲ. "ನೀವು ಊಟ ಸರಿಯಾಗಿ ಮಾಡ್ಲಿಲ್ಲ, ಒಳಗೆ ಬನ್ನಿ" ಎಂದೆ, ಅಪ್ಪ ಅವರನ್ನು ಕರೆಯುತ್ತಿದ್ದಷ್ಟೇ ಮೆಲ್ಲಗೆ. ಅವರು ನನ್ನ ಮುಖ ನೋಡಿದರು, ಎದ್ದು ಒಳಗೆ ಬಂದರು.